ಎರಡು ಕತ್ತರಿ, ಒಂದು ಸೋರುವ ಟ್ಯಾಂಕು

ಆ ಬೀದಿಯಲ್ಲಿ ದರ್ಜಿಯ ಅಂಗಡಿ, ಅದರ ಎದುರಿಗೇ ಸಲೂನು. ದರ್ಜಿಯನ್ನು ಜನ ದೊಡ್ಡಕತ್ತರಿ ಎಂದು ಕರೆದರೆ ಸಲೂನಿನವನನ್ನು ಚಿಕ್ಕಕತ್ತರಿ ಎನ್ನುತ್ತಿದ್ದರು. ಮೂವತ್ತು ವರ್ಷಗಳ ಗೆಳೆಯರಾದ ಇವರಿಬ್ಬರ ನಡುವೆ ಈಗ ಮೂರು ತಿಂಗಳಿಂದ ಮಾತಿಲ್ಲ. ದೊಡ್ಡಕತ್ತರಿಯ ಕೂದಲು ಕಿವಿ ದಾಟಿ ಕಾಲರಿನ ಮೇಲೆ ಕೂತಿತ್ತು. ಚಿಕ್ಕಕತ್ತರಿಯ ಪ್ಯಾಂಟಿನ ಜಿಪ್ಪು ಕೆಟ್ಟು ಅಲ್ಲೊಂದು ಸೇಫ್ಟಿ ಪಿನ್ನು ಮನೆ ಮಾಡಿತ್ತು. ಬೇರೆಯವರ ಅಂಗಡಿಗೆ ಹೋಗಲು ಇಬ್ಬರಿಗೂ ಮನಸ್ಸಿಲ್ಲ, ರಸ್ತೆ ದಾಟಲು ಇಬ್ಬರಿಗೂ ಮುಖವಿಲ್ಲ.

ಜಗಳಕ್ಕೆ ಕಾರಣ ಒಂದು ಪುಟ್ಟ ಮೋಟಾರು ದೋಣಿ. ಬೆನ್ನುನೋವು ಶುರುವಾದ ಮೇಲೆ ಚಿಕ್ಕಕತ್ತರಿ ಅದನ್ನು ಗೆಳೆಯನಿಗೇ ಮಾರಿದ್ದ. ಕೈ ಬದಲಾದರೂ ರೂಢಿ ಬದಲಾಗಲಿಲ್ಲ. ಸೋಮವಾರ ಇಬ್ಬರಿಗೂ ರಜೆ. ಜೊತೆಯಾಗಿ ದೋಣಿಯಲ್ಲಿ ಕಡಲಿಗಿಳಿದು, ಮೀನೇ ಕಚ್ಚದ ಗಾಳ ಹಿಡಿದು ಕೂತು, ಊರ ಸುದ್ದಿಯನ್ನೆಲ್ಲ ಜಾಲಾಡಿ ಬರುತ್ತಿದ್ದರು. ವರ್ಷ ತುಂಬುವಷ್ಟರಲ್ಲಿ ದೋಣಿಯ ತಳದಿಂದ ಪೆಟ್ರೋಲಿನ ವಾಸನೆ ಏಳತೊಡಗಿತು.

"ಸೋರೋ ಟ್ಯಾಂಕನ್ನ ನನ್ನ ತಲೆಗೆ ಕಟ್ಟಿದ" ಎಂದು ದೊಡ್ಡಕತ್ತರಿ ಬಂದ ಗಿರಾಕಿಗಳಿಗೆಲ್ಲ ಹೇಳಿದ. ಎದೆಯ ಅಳತೆ ತೆಗೆಯುವಾಗ ಒಂದು ಸಲ, ಸೊಂಟದ ಅಳತೆಗೆ ಇನ್ನೊಂದು ಸಲ. ಮಾತಿಗೆ ರಸ್ತೆ ದಾಟಲು ಎಷ್ಟು ಹೊತ್ತು ಬೇಕು? "ನನ್ನ ಕೈಲಿದ್ದಾಗ ಒಂದು ಹನಿ ಸೋರಿರಲಿಲ್ಲ" ಎಂದು ಅಲ್ಲಿಂದ ಉತ್ತರ ಬಂತು. ಕೊನೆಗೆ ದೊಡ್ಡಕತ್ತರಿ ನಾಲ್ಕು ಜನರೆದುರು ಶಪಥ ಮಾಡಿಯೇ ಬಿಟ್ಟ: "ಭಾನುವಾರ ನಾನೇ ಟ್ಯಾಂಕು ಬಿಚ್ಚಿ ಅವನ ಬಾಗಿಲಲ್ಲಿ ತಂದಿಡ್ತೀನಿ. ನೋಡ್ಲಿ, ಆಮೇಲೂ ನನ್ನ ಮುಖ ನೋಡೋಕಾಗುತ್ತಾ ಅಂತ."

ಹೊಸ ಟ್ಯಾಂಕನ್ನು ಆಗಲೇ ಮಾಡಿಸಿಟ್ಟಿದ್ದ. ಅಳತೆಯ ವಿಷಯದಲ್ಲಿ ಅವನಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಭಾನುವಾರ ಬೆಳಗ್ಗೆ ದೋಣಿಯನ್ನು ದಡಕ್ಕೆಳೆದು ದೊಡ್ಡಕತ್ತರಿ ಮತ್ತು ಅವನ ಹೆಂಡತಿ ಕೆಲಸಕ್ಕಿಳಿದರು.

"ಮೊದ್ಲು ಬ್ಯಾಟರಿ ತಂತಿ ಬಿಚ್ಚಿ ರೀ" ಎಂದಳು ಹೆಂಡತಿ. "ಒಂದು ಕಿಡಿ ಹಾರಿದ್ರೆ ಸಾಕು, ನಿಮ್ಮ ಕೂದಲು ಕತ್ತರಿಸೋ ಚಿಂತೆಯೇ ಇರಲ್ಲ."

ತಂತಿ ಬಿಚ್ಚಿದರು. ಟ್ಯಾಂಕಿನ ಪೆಟ್ರೋಲನ್ನು ಕೈಪಂಪಿನಿಂದ ಡಬ್ಬಿಗಳಿಗೆ ತುಂಬಿ ದೂರ ಇಟ್ಟರು. ಟ್ಯಾಂಕಿನ ಮೇಲಿನ ಹಲಗೆ ತೆಗೆದು, ವಾಸನೆ ಹೋಗುವವರೆಗೆ ಗಾಳಿಯಾಡಲು ಬಿಟ್ಟರು. ಪೈಪುಗಳನ್ನು ಬಿಚ್ಚಿ, ಪಟ್ಟಿ ಸಡಿಲಿಸಿ ಎತ್ತಿದರೆ ಟ್ಯಾಂಕು ಏಳಲೊಲ್ಲದು. ಇಬ್ಬರೂ ಉಸಿರು ಕಟ್ಟಿ ಎಳೆದಾಗ ಲೊಚಕ್ಕೆಂದು ಮೇಲೆ ಬಂತು. ಅದರ ಅಡಿಗೆ ಕಪ್ಪಾದ, ಒದ್ದೆ ಬಟ್ಟೆಯೊಂದು ಅಂಟಿಕೊಂಡಿತ್ತು.

ಹೆಂಡತಿ ಅದನ್ನು ಎರಡು ಬೆರಳಲ್ಲಿ ಎತ್ತಿ ಅಂಚು ನೋಡಿದಳು. "ಈ ಹೊಲಿಗೆ ಯಾರದ್ದು ಅಂತ ನಾನು ಕಣ್ಮುಚ್ಚಿ ಹೇಳ್ತೀನಿ."

ದೊಡ್ಡಕತ್ತರಿ ಬಗ್ಗಿ ನೋಡಿದ. ಹೊಲಿಗೆ ತನ್ನದೇ. ದೋಣಿ ಕೊಂಡ ವಾರವೇ, ಅಲೆಗೆ ಟ್ಯಾಂಕು ಗಡಗಡ ಎನ್ನುತ್ತದೆಂದು ಕೋಟಿನ ಉಣ್ಣೆ ಬಟ್ಟೆಯನ್ನು ಎರಡು ಪದರ ಮಾಡಿ, ಸುತ್ತ ಹೊಲಿಗೆ ಹಾಕಿ, ತಾನೇ ಅಡಿಗೆ ತುರುಕಿದ್ದ. ಅದು ವರ್ಷಪೂರ್ತಿ ಉಪ್ಪುನೀರು ಹೀರಿ ಕೂತಿದೆ. ಬಟ್ಟೆ ತಗುಲಿದಲ್ಲೆಲ್ಲ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತೂತು ಬಿದ್ದಿದೆ. ತಗುಲದ ಕಡೆ ತಗಡು ಇನ್ನೂ ಹೊಸದರಂತಿದೆ.

"ಮೆತ್ತಗಿರ್ಲಿ ಅಂತ ಹಾಕ್ದೆ ಕಣೇ."

"ಟ್ಯಾಂಕೇನು ಬಾಣಂತಿನಾ, ಮೆತ್ತಗೆ ಹಾಸೋಕೆ?"

ದೊಡ್ಡಕತ್ತರಿ ಬಟ್ಟೆಯನ್ನೇ ನೋಡುತ್ತ ಲೆಕ್ಕ ಹಾಕಿದ. ಬಟ್ಟೆಯನ್ನು ಕಸದ ತೊಟ್ಟಿಗೆಸೆದರೆ ಯಾರಿಗೆ ಗೊತ್ತಾಗುತ್ತದೆ? ತೂತು ಬಿದ್ದ ಟ್ಯಾಂಕು ಸಾಕಲ್ಲ ಸಾಕ್ಷಿಗೆ. ಬೀದಿಯಲ್ಲಿ ಗೆಲುವು ಇವನದೇ. ಆದರೆ ಆ ಗೆಲುವನ್ನು ಕಟ್ಟಿಕೊಂಡು ಸೋಮವಾರ ಯಾರ ಜೊತೆ ದೋಣಿಯಲ್ಲಿ ಕೂರುವುದು?

ಹೆಂಡತಿ ಬಟ್ಟೆಯನ್ನು ಹಿಂಡಿ, ಮಡಚಿ, ಟ್ಯಾಂಕಿನ ಮೇಲಿಟ್ಟಳು. "ನಿಮ್ಮಿಷ್ಟ" ಎಂದಳು. ಅವರ ಮನೆಯಲ್ಲಿ ಆ ಮಾತಿನ ನಂತರ ಅವನ ಇಷ್ಟ ಎಂದೂ ನಡೆದದ್ದಿಲ್ಲ.

ದೊಡ್ಡಕತ್ತರಿ ಖಾಲಿ ಟ್ಯಾಂಕನ್ನು ತೊಳೆದು ಹೊತ್ತುಕೊಂಡು ಹೋದಾಗ ಸಲೂನಿನ ಬೆಂಚು ತುಂಬಿತ್ತು. ಕುರ್ಚಿಯಲ್ಲೊಬ್ಬನಿಗೆ ಅರ್ಧ ಗಡ್ಡ ಬೋಳಿಸಿಯಾಗಿತ್ತು. ಚಿಕ್ಕಕತ್ತರಿ ತಿರುಗದೆ ಕನ್ನಡಿಯಲ್ಲೇ ನೋಡಿದ.

"ತಂದ್ಯಾ? ಇಡು ಅಲ್ಲೇ. ನಾನೆಂಥ ಮೋಸಗಾರ ಅಂತ ಎಲ್ಲರೂ ನೋಡ್ಲಿ."

"ಮೋಸ ನಿಂದಲ್ಲ ಕಣೋ, ದಡ್ಡತನ ನಂದು." ದೊಡ್ಡಕತ್ತರಿ ಬಟ್ಟೆಯನ್ನು ಮುಂದೆ ಹಿಡಿದ. "ಇದನ್ನ ಅಡಿಗೆ ಹಾಕಿದ್ದು ನಾನೇ. ನೀರು ಕುಡಿದು ತಗಡು ತಿಂದುಹಾಕಿದೆ. ಕುಣಿಯಲಾರದೆ ನೆಲ ಡೊಂಕು ಅಂದೆ, ತಪ್ಪಾಯ್ತು. ಇವರೆಲ್ಲರ ಮುಂದೇನೇ ಹೇಳ್ತಿದೀನಿ."

ಚಿಕ್ಕಕತ್ತರಿ ಬಟ್ಟೆಯನ್ನು ಹಿಂದೆ ಮುಂದೆ ತಿರುಗಿಸಿ, ಬೆಳಕಿಗೆ ಹಿಡಿದು, ಅಂಚನ್ನು ಜಗ್ಗಿ ನೋಡಿದ.

"ಟ್ಯಾಂಕು ಹೋಯ್ತು, ದೋಣಿ ನಾರ್ತು. ನಿನ್ನ ಹೊಲಿಗೆ ಮಾತ್ರ ಒಂದೂ ಬಿಟ್ಟಿಲ್ಲ ನೋಡು!"

ಮೊದಲು ಅವನೇ ನಕ್ಕ. ಆಮೇಲೆ ಬೆಂಚೆಲ್ಲ ನಕ್ಕಿತು. "ಅಣ್ಣಾ, ನನ್ನ ಇನ್ನೊಂದು ಕೆನ್ನೆ?" ಎಂದು ಕುರ್ಚಿಯವನು ಅಂಗಲಾಚಿದ್ದು ಯಾರಿಗೂ ಕೇಳಿಸಲಿಲ್ಲ.

ಮಧ್ಯಾಹ್ನ ಅಂಗಡಿ ಮುಚ್ಚಿ ಚಿಕ್ಕಕತ್ತರಿ ದಡಕ್ಕೆ ಬಂದ. ಬೆನ್ನುನೋವಿನವನಾದ್ದರಿಂದ ಎತ್ತಲಿಲ್ಲ, ಬರೀ ಗಂಡ ಹೆಂಡತಿಗೆ ಅಪ್ಪಣೆ ಕೊಟ್ಟ. ಈ ಸಲ ಹೊಸ ಟ್ಯಾಂಕಿನ ಅಡಿಗೆ ಗಟ್ಟಿ ರಬ್ಬರಿನ ಪಟ್ಟಿಗಳು, ನಡುವೆ ಗಾಳಿಯಾಡಲು ಜಾಗ. ಹೊಸ ಪೈಪು, ಹೊಸ ಕ್ಲಿಪ್ಪು.

"ಪೆಟ್ರೋಲ್ ಹಾಕೋಣ್ವಾ?" ಎಂದ ದೊಡ್ಡಕತ್ತರಿ.

"ಆತುರಗಾರ! ಮೊದ್ಲು ಟ್ಯಾಂಕಿನ ಉಳಿದ ಬಾಯಿ ಮುಚ್ಚಿ, ಸೈಕಲ್ ಪಂಪಲ್ಲಿ ಗಾಳಿ ಒತ್ತು, ಎಲ್ಲಾದ್ರೂ ಸೋರುತ್ತಾ ನೋಡೋಣ. ಮೆಲ್ಲಗೆ."

ಚಿಕ್ಕಕತ್ತರಿ ಚೀಲದಿಂದ ಬಟ್ಟಲು, ಸೋಪು, ಗಡ್ಡದ ಬ್ರಷ್ಷು ತೆಗೆದು ದಟ್ಟವಾಗಿ ನೊರೆ ಎಬ್ಬಿಸಿದ. ಪೈಪು ಕೂಡುವ ಒಂದೊಂದು ಕೀಲಿಗೂ, ಮದುಮಗನ ಗಲ್ಲಕ್ಕೆ ಹಚ್ಚುವಂತೆ ಹಚ್ಚಿದ. ಮೂರನೆಯ ಕೀಲಿನಲ್ಲಿ ಗುಳ್ಳೆಯೊಂದು ಮೆಲ್ಲಗೆ ಉಬ್ಬಿತು.

"ಇಲ್ಲಿ ಉಸಿರಾಡ್ತಿದೆ. ಅರ್ಧ ಸುತ್ತು ಬಿಗಿ."

ದೊಡ್ಡಕತ್ತರಿ ಬಿಗಿದ. ಮತ್ತೆ ನೊರೆ. ಮೂವರೂ ತಲೆಗೆ ತಲೆ ತಾಗಿಸಿ ಬಗ್ಗಿ ನೋಡಿದರು. ನೊರೆ ಅಲುಗಲಿಲ್ಲ.

ಚಿಕ್ಕಕತ್ತರಿ ಟವೆಲಿನಿಂದ ಟ್ಯಾಂಕಿನ ಮುಖ ಒರೆಸುತ್ತ, ಏನೂ ಆಗದವನಂತೆ ಕೇಳಿದ: "ನಾಳೆ ಎಷ್ಟೊತ್ತಿಗೆ ಹೊರಡೋದು?"

ದೊಡ್ಡಕತ್ತರಿ ಬಿಗಿಯಾಗಿದ್ದ ಕೀಲನ್ನೇ ಮತ್ತೊಮ್ಮೆ ಬಿಗಿಯಲು ಬಗ್ಗಿದ.

"ಆರಕ್ಕೇ ಹೊರಡಿ" ಎಂದಳು ಹೆಂಡತಿ. "ಮೂರು ತಿಂಗಳ ಹರಟೆ ಬಾಕಿ ಇದೆ, ಒಂದು ದಿನಕ್ಕೆ ಮುಗಿಯೋದಲ್ಲ."