ಓ ಅನ್ನುವ ತನಕ

"ಏ ಮುದಿಕಿ, ಮೈಕ್ ಅಂದ್ರ ಏನು ನಿನ್ನ ಗಂಡನ ಗಡ್ಡ ಅಂತ ತಿಳದಿ? ಹಂಗ ಮೈಮ್ಯಾಲೆ ಬೀಳಬ್ಯಾಡ. ಮೊದಲ ಆ ಎಲಿಅಡಕಿ ಉಗುಳಿ ಬಾ."

ಹೀಗೆಂದವನು ದೀಪಕ, ನಾವು ಕಸ ತೆಗೆಯುತ್ತಿದ್ದ ಉಳ್ಳಾಗಡ್ಡಿ ಹೊಲದ ಸಾಹುಕಾರರ ಮಗ, ನಮ್ಮ ಹಾಡು ರೆಕಾರ್ಡ್ ಮಾಡಲು ಬಂದಿದ್ದ. ಅನ್ನಿಸಿಕೊಂಡವಳು ನನ್ನ ದೊಡ್ಡವ್ವ ಸಕ್ರವ್ವ. ಅವಳು ಸಾವಕಾಶವಾಗಿ ಉಗುಳಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ತುಪ್ಪಳದ ಟೊಪ್ಪಿಗೆ ಹಾಕಿದ್ದ ಆ ಮೈಕನ್ನು ದಿಟ್ಟಿಸಿ ನೋಡಿದಳು.

"ನನ್ನ ಗಂಡಗ ಇದ್ದದ್ದ ಮೂರು ಕೂದಲರಿ ಸಾವ್ಕಾರ್ರ. ಇದಕ್ಕ ಭಾಳ ಅದಾವು."

ನಾವು ಏಳು ಮಂದಿ ಸಾಲಿನಲ್ಲಿ ಕುಳಿತಲ್ಲೇ ಒಬ್ಬರ ಮೇಲೊಬ್ಬರು ಬಿದ್ದು ನಕ್ಕೆವು.

"ನಗಬ್ಯಾಡ್ರಿ ಬೋಸುಡೇರಾ! ಕೈ ನಿಲ್ಲಿಸಬ್ಯಾಡ್ರಿ. ಕಸ ತಗೀಕೋತನ ಹಾಡ್ರಿ, ಖರೇ ಅನಸಬೇಕು."

ಹಾಡಿದೆವು. ಸಂಜೆ ಪಗಾರ ಕೊಡುವಾಗ ಅರ್ಧ ದಿನದ್ದನ್ನು ಮುರಿದುಕೊಂಡ. "ಹಾಡಿಕೋತ ನಿಮ್ಮ ಕೈ ಮೆತ್ತಗಾದ್ವು" ಎಂದ.

ನಮ್ಮ ಹಾಡಿಗೆ ಒಂದು ಕಟ್ಟಳೆ ಇದೆ. ಸಾಲು ಮುಟ್ಟಿದ ಮೇಲೆ, ಅಂದರೆ ಕೊನೆ ತಲುಪಿ ಮುಗಿದ ಮೇಲೆ, ದೊಡ್ಡವ್ವ ಒಬ್ಬೊಬ್ಬರ ಹೆಸರು ಕರೆಯುತ್ತಾಳೆ. ಕರೆಸಿಕೊಂಡವಳು 'ಓ' ಅನ್ನಬೇಕು. ಅನ್ನದಿದ್ದರೆ ಮತ್ತೆ ಕರೆಯುತ್ತಾಳೆ, ಓ ಬರುವವರೆಗೆ ಯಾರೂ ಮೇಲೇಳುವಂತಿಲ್ಲ. ಇದು ಶುರುವಾದದ್ದು ನನ್ನ ಅವ್ವನಿಂದ. ಅವ್ವನ ಹೆಸರು ಸಂಗವ್ವ. ಮೂರು ವರ್ಷದ ಹಿಂದೆ, ಆಳೆತ್ತರದ ಗೋವಿನಜೋಳದಲ್ಲಿ, ಬಿಸಿಲಿಗೆ ಸಾಲಿನ ನಡುವೆಯೇ ಬಿದ್ದಳು. ಉಳಿದವರು ಸಾಲು ಮುಗಿಸಿ, ನೀರು ಕುಡಿದು, ಪಕ್ಕದ ಹೊಲಕ್ಕೆ ದಾಟಿದರು. ಒಬ್ಬಳು ಕಡಿಮೆ ಇದ್ದಾಳೆ ಎಂದು ಗೊತ್ತಾದದ್ದು ಹೊತ್ತು ಮುಳುಗುವಾಗ. ಅವತ್ತು ನಾನು ಹುನಗುಂದದ ಕಾಲೇಜಿನಲ್ಲಿ ಬಿ.ಎ. ಕೊನೆಯ ಪೇಪರು ಬರೆಯುತ್ತಿದ್ದೆ.

ಈಗಲೂ ದೊಡ್ಡವ್ವ ಎಲ್ಲರನ್ನೂ ಕರೆದ ಮೇಲೆ ಕೊನೆಗೆ "ಸಂಗವ್ವಾ" ಅನ್ನುತ್ತಾಳೆ. ಎಂಟೂ ಮಂದಿ ಸೇರಿ ಓ ಅನ್ನುತ್ತೇವೆ. ನನ್ನದು ತುಟಿ ಮಾತ್ರ ಅಲುಗುತ್ತದೆ, ದನಿ ಬರುವುದಿಲ್ಲ. ಅನ್ನಲಾಗದ್ದನ್ನು ಮನೆಗೆ ಹೋಗಿ ವಹಿಯಲ್ಲಿ ಬರೆಯುತ್ತೇನೆ.

ಹಾಡು 'ಹಾಡಪೇಟೆ' ಎಂಬ ಆ್ಯಪಿನಲ್ಲಿ ಬಂತು. ನಮ್ಮ ಸಾಲಿನ ಸಾಯಿಮಾ ತನ್ನ ಫೋನನ್ನು ಬದುವಿನ ಕಲ್ಲಿಗೆ ಆನಿಸಿ ಹಚ್ಚಿದಳು. ನಮ್ಮದೇ ದನಿ, ಕಸ ತೆಗೆಯುವ ನಮ್ಮದೇ ಕುರ್ಪಿಯ ಸಪ್ಪಳ.

ಉಳ್ಳಾಗಡ್ಡಿ ಸಾಲಾಗ ಕಸ ಕೀಳೂ ಕೈಗಿ
ಯಾರ ಹಚ್ಚ್ಯಾರವ್ವ ಮದರಂಗಿ?
ಮಣ್ಣ ಹಚ್ಚೇತಿ ತಂಗಿ, ಮಣ್ಣ ಹಚ್ಚೇತಿ.

ಹಾಡು ಅಲ್ಲಿಗೇ ಮುಗಿಯಿತು. ದೊಡ್ಡವ್ವ ಕರೆಯುವ ಹೆಸರುಗಳು ಇರಲಿಲ್ಲ. ಕೆಳಗೆ 'ಪ್ರಸ್ತುತಿ: ದೀಪಕ. ಹಾಡಿದವರು: ಜನಪದ' ಎಂದಿತ್ತು. ಓದಿ ಹೇಳಿದೆ.

"ಯಾಂವ ಅಂವ ಜನಪದ?" ರಂಗವ್ವ ಸಿಟ್ಟಾದಳು. "ನಮ್ಮ ಸಾಲಿನಾಗ ಅಂಥಾ ಗಂಡಸ ಇದ್ದಿಲ್ಲಲ್ಲ!"

ಸಾಯಿಮಾ ದೀಪಕನನ್ನು ಬದುವಿನಲ್ಲಿ ನಿಲ್ಲಿಸಿ, ಹೆಸರುಗಳೆಲ್ಲಿ ಎಂದು ಕೇಳಿಯೇಬಿಟ್ಟಳು. ಅವನು ನಕ್ಕ. "ಸತ್ತಾಕಿ ಹೆಸರ ಕೇಳಾಕ ಯಾವ ಹಾಟ್ಯಾನ ಮಗ ಬರ್ತಾನವಾ? ಅರ್ಧಕ್ಕ ಬಂದ್ ಮಾಡಿ ಓಡ್ತಾರ. ಒಂದ್ ಲಕ್ಷ ಸಲ ಕೇಳಲಿ ಮಂದಿ, ಆಮ್ಯಾಲೆ ಪೂರಾ ಹಾಡು ಹಾಕ್ತೇನಿ, ಹೆಸರ ಸಮೇತ."

ತಪ್ಪು ನನ್ನದು. ಅರ್ಧ ನಿಮಿಷ ಓಡಿದರೂ ಒಂದು ಸಲ ಎಂದು ಎಣಿಸುತ್ತಾರೆ ಎಂದು ಎಲ್ಲೋ ಓದಿದ್ದೆ. ಬಾಯಿ ಬಿಡದ ನಾನು ಅದೊಂದನ್ನು ಬಾಯಿ ಬಿಟ್ಟೆ.

ಆಮೇಲೆ ನಮ್ಮ ಓಣಿಗೆ ಹುಚ್ಚು ಹಿಡಿಯಿತು. ಹಿಟ್ಟಿನ ಡಬ್ಬಿಯಲ್ಲಿ ಫೋನು, ತೊಟ್ಟಿಲಲ್ಲಿ ಫೋನು, ಬಚ್ಚಲ ಗೂಡಿನಲ್ಲಿ ಫೋನು, ಎಲ್ಲದರಲ್ಲೂ ಮದರಂಗಿ. ಹುನಗುಂದದಲ್ಲಿ ಮೊಬೈಲ್ ರಿಪೇರಿ ಮಾಡುವ ನಮ್ಮ ಓಣಿಯ ಇಬ್ರಾಹಿಂಸಾಬ ಅಂಗಡಿಗೆ ಬಂದ ಫೋನನ್ನೆಲ್ಲ ಸರಿ ಮಾಡಿ, "ಟೆಸ್ಟ್ ಮಾಡಾಕ ಬೇಕಲ್ರಿ" ಎಂದು ದಿನವಿಡೀ ನಮ್ಮ ಹಾಡು ಹಚ್ಚಿಡುತ್ತಿದ್ದ. ರಂಗವ್ವ ಆಡಿನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ನನ್ನನ್ನು ಕೇಳಿದಳು, "ವಿದ್ಯಾ, ಆಡ ಕೇಳಿದ್ರ ಎಣಸ್ತಾರೇನ?"

"ಎಣಸ್ತಾರ ಚಿಗವ್ವ."

ಆಡು ಎರಡು ನಿಮಿಷ ಕೇಳಿ ಇಯರ್‌ಫೋನನ್ನೇ ಮೇಯ್ದುಬಿಟ್ಟಿತು. "ಭಾಳ ಸೇರೇತಿ ಅದಕ್ಕ" ಎಂದಳು ರಂಗವ್ವ.

ಲಕ್ಷ ದಾಟಿತು. ದೀಪಕ ಹತ್ತು ಲಕ್ಷ ಅಂದ. ಅದೂ ದಾಟಿತು. ಅವನಿಗೆ ಹೊಸ ಕಾರು ಬಂತು, ಅದರೊಳಗೂ ನಮ್ಮ ಹಾಡೇ. ಹೆಸರು ಬರಲಿಲ್ಲ.

ಬಾಗಲಕೋಟೆಯ ಹೋಟೆಲಿನಲ್ಲಿ ಹಾಡಪೇಟೆಯವರ ಸಮಾರಂಭವಾಯಿತು. ದೀಪಕನಿಗೆ ಸನ್ಮಾನ. ನಮ್ಮನ್ನು ಟೆಂಪೋದಲ್ಲಿ ತುಂಬಿಕೊಂಡು ಹೋದರು. ದಾರಿಯುದ್ದಕ್ಕೂ ಕೂಗಿ, ಹಾಡಿ, ಕೂಡಲಸಂಗಮ ಕ್ರಾಸಿನಲ್ಲಿ ಮಿರ್ಚಿ ತಿಂದು, ನಕ್ಕು ನಕ್ಕು ನಮ್ಮ ಹೊಟ್ಟೆ ಹಿಡಿದುಕೊಂಡಿತ್ತು. ಹೋಟೆಲಿನ ಬಾಗಿಲಲ್ಲಿ ದೀಪಕ ಎಂಟು ಇಳಕಲ್ ಸೀರೆ ಕೊಟ್ಟ.

"ಹೊಲಸ ಮಾಡಬ್ಯಾಡ್ರಿ, ಸಂಜಿಕೆ ಅಂಗಡಿಗಿ ಹೊಳ್ಳಿ ಕೊಡೂದೈತಿ. ಕುರ್ಚಿ ಮ್ಯಾಲ ಕುಂದ್ರಬ್ಯಾಡ್ರಿ. ಅಲ್ಲಿ ಚಪ್ಲಿ ಬಿಟ್ಟಾರಲ್ಲ, ಅದರ ಬಾಜೂಕ ಕುಂದರ್ರಿ."

ಬೆಂಗಳೂರಿನಿಂದ ಬಂದಿದ್ದ ಸಾಹೇಬರು ಪರದೆಯ ಮೇಲೆ ಒಂದು ಗೆರೆ ತೋರಿಸಿದರು. ನೆಲದುದ್ದಕ್ಕೂ ಹರಿದಿದ್ದ ಗೆರೆ ಒಮ್ಮೆಲೇ ಬಾದಾಮಿಯ ಬಂಡೆಯ ಹಾಗೆ ಎದ್ದು ನಿಂತಿತ್ತು.

"ಹುನಗುಂದ ತಾಲ್ಲೂಕಿನಲ್ಲಿ ನಮ್ಮ ಕೇಳುಗರು ಒಂದೇ ತಿಂಗಳಲ್ಲಿ ಎಂಟು ಪಟ್ಟು! ಜಾಹೀರಾತಿನ ಆದಾಯ ಮೂರು ಪಟ್ಟು! ಗ್ರಾಮೀಣ ಭಾರತ ಎಚ್ಚೆತ್ತಿದೆ!"

"ಆ ಏರು ನಿನ್ನ ಆಡಿಂದು" ಎಂದು ಸಾಯಿಮಾ ರಂಗವ್ವನ ಪಕ್ಕೆ ತಿವಿದಳು. ಚಪ್ಪಲಿಗಳ ನಡುವೆ ನಾವು ಸೆರಗು ಕಚ್ಚಿಕೊಂಡು ನಕ್ಕೆವು.

ವೇದಿಕೆಯ ಮೇಲೆ ಪ್ಲಾಸ್ಟಿಕ್ ಉಳ್ಳಾಗಡ್ಡಿ ಸಾಲುಗಳನ್ನು ಅಂಟಿಸಿದ್ದರು, ನಡುನಡುವೆ ಪ್ಲಾಸ್ಟಿಕ್ ಹುಲ್ಲು. ನಮ್ಮ ಕೈಗೆ ಕುರ್ಪಿ ಕೊಟ್ಟರು. "ಒಂದ ನಿಮಿಷ ಹಾಡಿ ಇಳೀರಿ" ಎಂದ ದೀಪಕ. "ಕಸ ತಗದಂಗ ಮಾಡ್ರಿ, ಅಷ್ಟ."

ತೆಗೆದ ಹಾಗೆ ಮಾಡುವುದು ನಮಗೆ ಬರುವುದಿಲ್ಲ. ಕೈ ಹುಲ್ಲು ಕಂಡರೆ ಕೀಳುತ್ತದೆ. ಹಾಡು ಅರ್ಧವಾಗುವಷ್ಟರಲ್ಲಿ ಅಂಟು ಸಮೇತ ಚರಚರ ಕಿತ್ತು, ಉಳ್ಳಾಗಡ್ಡಿ ಮಾತ್ರ ಉಳಿಸಿ, ಕಸವನ್ನೆಲ್ಲ ಬದುವಿಗೆಂದು ಬದಿಗೆ ಎಸೆದಿದ್ದೆವು. ಬಿದ್ದದ್ದು ಮುಂದಿನ ಸಾಲಿನ ಸಾಹೇಬರ ತೊಡೆಯ ಮೇಲೆ.

ಸಭೆ ನಕ್ಕು ಚಪ್ಪಾಳೆ ತಟ್ಟಿತು. "ಸಾಕು, ಇಳೀರಿ ಇಳೀರಿ" ಎಂದು ದೀಪಕ ಹಲ್ಲು ಕಚ್ಚಿದ.

"ಸಾಲ ಮುಟ್ಟೇತಿ" ಎಂದು ದೊಡ್ಡವ್ವ ದನಿ ಎತ್ತಿದಳು.

ಸಾಲ ಮುಟ್ಟೇತಿ ತಂಗಿ, ನೆಳ್ಳ ತಿರಗೇತಿ,
ಯಾರ ಬಂದೀರಿ, ಯಾರ ಉಳದೀರಿ, ಓ ಅನ್ನವ್ವ.

"ರಂಗವ್ವಾ!"

"ಓ!"

"ಸಾಯಿಮಾ!"

"ಓ!"

ದೀಪಕ ಓಡಿಹೋಗಿ ಮೈಕಿನ ವೈರು ಕಿತ್ತ. ಬಿಸಿಲಿನಲ್ಲಿ ಹತ್ತು ಎಕರೆ ಆಚೆಗೆ ಕೇಳುವ ದನಿಗೆ ವೈರು ಯಾಕೆ? ಹೆಸರುಗಳು ಒಂದೊಂದಾಗಿ ಬಂದವು. ಕೊನೆಗೆ, "ಸಂಗವ್ವಾ!"

ಓ ಎಂದೆವು. ಎಂಟು ದನಿ. ಎಂಟನೆಯದು ಯಾರದೆಂದು ರಂಗವ್ವ ಹೊರಳಿ ನನ್ನನ್ನು ನೋಡಿದಳು.

"ಮುಗೀತಲ್ಲ? ಏಳ್ರಿ ಮ್ಯಾಲ!" ದೀಪಕ ದೊಡ್ಡವ್ವನ ರಟ್ಟೆ ಹಿಡಿದ.

ದೊಡ್ಡವ್ವ ಕುಕ್ಕರಗಾಲಿನಲ್ಲೇ ಕುಳಿತು ಅವನ ಮುಖ ನೋಡಿದಳು. ಕಣ್ಣು ಮಿಂಚುತ್ತಿದ್ದವು.

"ಹಾಡು ನಂದು ಅಂದವ ನೀನ ಅಲ್ಲೇನು? ಹಂಗಾರ ನೀನೂ ಸಾಲಿನಾಗ ಅದಿ." ರಾಗ ಎಳೆದಳು. "ದೀಪಕಾ!"

ಓ ಬರಲಿಲ್ಲ. ಕಿತ್ತ ವೈರು ಅವನ ಕೈಯಲ್ಲೇ ಇತ್ತು. ಓ ಬಾರದೆ ಸಾಲಿನಿಂದ ಏಳುವಂತಿಲ್ಲ. ನಾವು ಏಳಲಿಲ್ಲ. ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ದೊಡ್ಡವ್ವ ಮತ್ತೊಮ್ಮೆ ಕರೆದಳು.

ಮೂರನೆಯ ಸಲ ಕರೆದವಳು ನಾನು.