ರೆನ್ಸಿ ಅಕ್ಕನ ತುರುಬು

ನನ್ನ ಗಂಡನ ಅಕ್ಕ ರೆನ್ಸಿಗೆ ಐವತ್ತಾರು ವರ್ಷ. ಬಿಚ್ಚಿದರೆ ಮಂಡಿಯವರೆಗೆ ಬರುವ ಕೂದಲಿತ್ತು ಅವಳಿಗೆ. ಹೋದ ವರ್ಷ ಡೆನ್‌ಪಸಾರಿನ ಆಸ್ಪತ್ರೆಯಲ್ಲಿ ಆರು ಸಲ ಔಷಧಿ ಏರಿಸಿಕೊಂಡು ಬಂದಳಲ್ಲ, ಆಗ ಅಷ್ಟೂ ಉದುರಿಹೋಯಿತು. ಕಾಯಿಲೆ ವಾಸಿಯಾಯಿತು. ಇನ್ನು ಆರು ತಿಂಗಳಿಗೊಮ್ಮೆ ಬಂದು ತೋರಿಸಿದರೆ ಸಾಕು ಎಂದರು ಡಾಕ್ಟರು. ಕೂದಲಿಗೆ ಮಾತ್ರ ಅವಸರವೇ ಇರಲಿಲ್ಲ. ಎಂಟು ತಿಂಗಳಾದರೂ ಒಂದು ಅಂಗುಲ ದಾಟಿರಲಿಲ್ಲ.

ಈ ವಿಷಯ ಗೊತ್ತಿದ್ದದ್ದು ಅವಳ ಗಂಡ ಸುದಿರ್ತ, ನನ್ನ ಗಂಡ, ನಾನು, ಇಷ್ಟೇ ಜನಕ್ಕೆ. ಸಿಂಗರಾಜ ಪಟ್ಟಣಕ್ಕೆ, ಮಗಳ ಬಾಣಂತನಕ್ಕೆ ಹೋಗಿದ್ದಾಳೆ ಎಂದು ಊರಿಗೆಲ್ಲ ಹೇಳಿದ್ದೆವು. ಮಗಳು ಹೆತ್ತದ್ದೇನೋ ನಿಜ. ಅಜ್ಜಿ ಮೊಮ್ಮಗಳನ್ನು ನೋಡಿದ್ದು ಫೋನಿನಲ್ಲಿ.

ನಮ್ಮೂರಿನ ಗುಡಿ ಇರುವುದು ಜಾಯಿಕಾಯಿ ಮರಗಳ ಕಾಡಿನ ನಡುವೆ. ಅಲ್ಲಿ ಒಂದು ಕಡ್ಡಿ ಮುರಿಯುವ ಹಾಗಿಲ್ಲ, ಒಂದು ಕೋತಿಯನ್ನು ಹೊಡೆಯುವ ಹಾಗಿಲ್ಲ. ಇನ್ನೂರಹತ್ತು ದಿನಕ್ಕೊಮ್ಮೆ ಬರುವ ಗುಡಿಯ ಹಬ್ಬಕ್ಕೆ ಮನೆಗೊಬ್ಬ ಹೆಂಗಸು ತಲೆಯ ಮೇಲೆ ಹಣ್ಣಿನ ಗೋಪುರ ಹೊತ್ತು ಹೋಗಬೇಕು. ಮರದ ತಟ್ಟೆಯ ಮೇಲೆ ಬಾಳೆದಿಂಡು ನಿಲ್ಲಿಸಿ, ಸುತ್ತ ಸೇಬು, ಕಿತ್ತಳೆ, ಅಕ್ಕಿಹಿಟ್ಟಿನ ಬಣ್ಣದ ತಿಂಡಿ ಚುಚ್ಚಿ ಕಟ್ಟುವ ಗೋಪುರ. ಅದರ ಎತ್ತರದ ವಿಷಯದಲ್ಲಿ ರೆನ್ಸಿ ಅಕ್ಕನಿಗೂ ಎದುರುಮನೆಯ ದರ್ಮಿಗೂ ಇಪ್ಪತ್ತು ವರ್ಷದಿಂದ ಪೈಪೋಟಿ.

ಹೋದ ಹಬ್ಬಕ್ಕೆ ಅಕ್ಕ ಬಂದಿರಲಿಲ್ಲ. ಕೂದಲು ಬರಲಿ ಎಂದು ಡೆನ್‌ಪಸಾರಿನಲ್ಲೇ ಉಳಿದಿದ್ದವಳು ಊರಿಗೆ ಮರಳಿದ್ದು ಹಿಂದಿನ ರಾತ್ರಿ. ಈ ಸಲ ಬೆಳಿಗ್ಗೆಯೇ ಬಾಳೆದಿಂಡು ಕಡಿಯುತ್ತ ಕೂತಿದ್ದಳು.

"ಈ ಸಲ ನಾನು ಹೊರ್ತೀನಿ ಅಕ್ಕ. ನೀನು ಕೈ ಬೀಸ್ಕೊಂಡು ಬಾ," ಎಂದೆ.

"ನೀನು ಹೊತ್ರೆ ಅದು ಗುಡಿ ಮುಟ್ಟಲ್ಲ, ಕಾಲುವೆ ಮುಟ್ಟುತ್ತೆ. ಆ ಸೇಬು ಕೊಡು ಇತ್ತ."

"ತಲೆ ನೋಯಲ್ವಾ?"

"ಎಂಟು ತಿಂಗಳಿಂದ ಈ ತಲೆಗೆ ಬೇರೆ ಕೆಲಸ ಏನಿತ್ತು?"

ತಲೆಗೆ ಟೋಪಿಯ ಹಾಗೆ ಕೂರುವ, ಹಿಂದೆ ದೊಡ್ಡ ತುರುಬಿದ್ದ ವಿಗ್ಗನ್ನು ಡೆನ್‌ಪಸಾರಿನಿಂದ ತಂದಿಟ್ಟುಕೊಂಡಿದ್ದಳು. ನಾನೇ ಹಾಕಿದೆ. ಹಳದಿ ರವಿಕೆ ತೊಟ್ಟು, ಸೊಂಟಕ್ಕೆ ಹಸಿರು ವಸ್ತ್ರ ಬಿಗಿದು, ತುರುಬಿಗೆ ದೇವಕಣಗಿಲೆ ಸಿಕ್ಕಿಸಿಕೊಂಡು ಕನ್ನಡಿ ಮುಂದೆ ನಿಂತಳು. ತುಂಬಾ ಹೊತ್ತು ನೋಡಿಕೊಂಡಳು. ಆಮೇಲೆ ತಲೆ ಮೇಲೆ ಸಿಂಬಿ ಇಟ್ಟುಕೊಂಡು, "ಎತ್ತಿಡು," ಎಂದಳು.

ಕಾಡಿನ ಬಾಯಲ್ಲೇ ದರ್ಮಿ ಸಿಕ್ಕಳು. ಅವಳ ಗೋಪುರ ನಮ್ಮದಕ್ಕಿಂತ ಒಂದು ಸಾಲು ಕಡಿಮೆ ಇತ್ತು. ಅದನ್ನು ಇಬ್ಬರೂ ಒಂದೇ ನೋಟದಲ್ಲಿ ಅಳೆದುಬಿಟ್ಟರು.

"ಬಾಣಂತನ ಮಾಡಿ ಬಂದೋಳು ನೀನೋ, ಬಾಣಂತಿ ನೀನೋ? ಇಷ್ಟು ಸೊರಗಿದೀಯಲ್ಲ," ಎಂದಳು ದರ್ಮಿ.

"ನಿನ್ನ ಬಾಯಿ ಕಂಡು ಎಷ್ಟು ದಿನ ಆಗಿತ್ತಲ್ಲ, ಅದಕ್ಕೇ ಸೊರಗಿದೀನಿ."

ಹೆಂಗಸರೆಲ್ಲ ಸಾಲಾಗಿ ಹೊರಟೆವು. ಮುಂದೆ ದರ್ಮಿ, ಅವಳ ಹಿಂದೆ ಅಕ್ಕ, ಅಕ್ಕನ ಹಿಂದೆ ನಾನು. ಗುಡಿಯ ಕಡೆಯಿಂದ ವಾದ್ಯ ಕೇಳಿಸುತ್ತಿತ್ತು. ಮದ್ದಳೆ ಸುದಿರ್ತ ಭಾವನದು. ಕೋತಿ ಕಾಯುವ ಸುವೇಚ ಕೋಲು ಹಿಡಿದು ದಾರಿಬದಿಯಲ್ಲಿ ನಿಂತಿದ್ದ. ಅವನು ಅತ್ತ ತಿರುಗಿದ್ದೇ ತಡ, ಕಿವಿ ಹರಿದ ಒಂದು ಮುದಿ ಹೆಣ್ಣುಕೋತಿ ಮರದಿಂದ ಇಳಿದು ಅಕ್ಕನ ಗೋಪುರದ ತುದಿಯ ಮೇಲೆ ಕುಳಿತುಬಿಟ್ಟಿತು.

ಗೋಪುರ ಒಂದು ಸಲ ತೂಗಿತು. ಅಕ್ಕ ನಿಂತಳು. ಕುತ್ತಿಗೆ ನೆಟ್ಟಗೆ ಮಾಡಿದಳು. ಮತ್ತೆ ನಡೆದಳು.

"ಅಕ್ಕ, ಮೇಲೆ ಕೋತಿ ಕೂತಿದೆ," ಎಂದೆ ಮೆಲ್ಲಗೆ.

"ನಂಗೆ ಗೊತ್ತಿಲ್ವಾ? ಹೊತ್ತಿರೋಳು ನಾನು. ಏನು ಮಾಡ್ತಿದೆ?"

"ಸೇಬು ತಿಂತಿದೆ."

"ತಿನ್ನಲಿ. ಭಾರ ಕಡಿಮೆ ಆಗುತ್ತೆ."

ನಕ್ಕು ನಕ್ಕು ಹಿಂದಿನವರ ಗೋಪುರಗಳೆಲ್ಲ ಅಲುಗಾಡಿದವು. ಅಕ್ಕ ಮಾತ್ರ ಕೈ ಕೂಡ ಎತ್ತದೆ, ಕೋತಿಯನ್ನೂ ಹೊತ್ತುಕೊಂಡು, ಗುಡಿಯ ಮೆಟ್ಟಿಲವರೆಗೆ ನಡೆದಳು. ಇಪ್ಪತ್ತು ವರ್ಷದಲ್ಲಿ ಯಾರೂ ಹಾಗೆ ಹೊತ್ತಿರಲಿಲ್ಲ. ಎದುರು ಬಂದ ಗಂಡಸರು ದಾರಿ ಬಿಟ್ಟು ನಿಂತರು.

ಅಲ್ಲಿ ದರ್ಮಿ ತನ್ನದನ್ನು ಇಳಿಸಿ ಬಂದಳು. ಅವಳೊಂದು ಕಡೆ, ನಾನೊಂದು ಕಡೆ ಹಿಡಿದು ಅಕ್ಕನ ಗೋಪುರ ಇಳಿಸಿದೆವು. ಕೂತ ಜಾಗ ಕೆಳಗಿಳಿದದ್ದಕ್ಕೆ ಕೋತಿ ಗಾಬರಿಯಾಗಿ, ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಹಾರಿತು. ಕೈಗೆ ಸಿಕ್ಕಿದ್ದು ತುರುಬು. ಅದು ಗೋಡೆ ಏರಿದಾಗ ಹೂವಿನ ಸಮೇತ ವಿಗ್ಗು ಅದರ ಕೈಯಲ್ಲಿತ್ತು.

ಬಿಸಿಲಿನಲ್ಲಿ ಅಕ್ಕನ ತಲೆ, ಅದರ ಮೇಲಿನ ಒಂದಂಗುಲ ಬೂದು ಕೂದಲು, ಕಿವಿಯ ಹಿಂದಿನ ಬಿಳಿ ಚರ್ಮ, ಎಲ್ಲ ಕಾಣುತ್ತಿತ್ತು. ಒಳಗೆ ಮದ್ದಳೆಯ ಪೆಟ್ಟು ತಪ್ಪಿತು. ಬಾಗಿಲ ಎದುರಿಗೇ ಕೂತಿದ್ದ ಭಾವ ನೋಡಿಬಿಟ್ಟಿದ್ದ. ನಾನು ಸೊಂಟದ ವಸ್ತ್ರ ಬಿಚ್ಚಿ ಅವಳ ತಲೆಗೆ ಹೊದಿಸಲು ಹೋದೆ. ಅಕ್ಕ ನನ್ನ ಕೈ ಹಿಡಿದಳು. ಅವಳು ಯಾರನ್ನೂ ನೋಡದೆ ಗೋಡೆಯ ಕಡೆಗೆ ನೋಡುತ್ತಿದ್ದಳು.

ಗೋಡೆಯ ಮೇಲೆ ಕೋತಿ ವಿಗ್ಗನ್ನು ತೊಡೆಯ ಮೇಲಿಟ್ಟುಕೊಂಡು, ಕೂದಲು ಬಿಡಿಸಿ ಬಿಡಿಸಿ, ಬಹಳ ಶ್ರದ್ಧೆಯಿಂದ ಹೇನು ಹುಡುಕುತ್ತಿತ್ತು. ಒಂದು ಪಿನ್ನು ಸಿಕ್ಕಿತು. ಕಚ್ಚಿ ನೋಡಿ ಎಸೆಯಿತು. ಮತ್ತೆ ಹುಡುಕಿತು.

"ಅಯ್ಯೋ ಮಾರಾಯ್ತಿ," ಎಂದಳು ಅಕ್ಕ, "ಮೊನ್ನೆ ತಾನೇ ಅಂಗಡಿಯಿಂದ ತಂದಿದ್ದು ಅದು, ಹೇನು ಎಲ್ಲಿಂದ ಬರ್ಬೇಕು?"

ಹೇಳಿ ನಕ್ಕಳು. ಮೊದಲು ಸಣ್ಣಗೆ, ಆಮೇಲೆ ಮೆಟ್ಟಿಲ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು. ಆಗ ಉಳಿದವರಿಗೂ ಧೈರ್ಯ ಬಂತು. ಸುವೇಚ ಮೊಟ್ಟೆ ತೋರಿಸುತ್ತ ಗೋಡೆಯ ಬುಡಕ್ಕೆ ಬಂದ.

"ಪ್ರವಾಸಿಗಳ ಕನ್ನಡಕ ಬಿಡಿಸಿದೀನಿ, ಚಪ್ಪಲಿ ಬಿಡಿಸಿದೀನಿ. ಕೂದಲು ಇದೇ ಮೊದಲು. ಎಷ್ಟು ಮೊಟ್ಟೆ ಕೇಳುತ್ತೋ," ಎಂದ.

ದರ್ಮಿ ನಕ್ಕಿರಲಿಲ್ಲ. ಅಕ್ಕನ ಪಕ್ಕ ಬಂದು ಕೂತಳು.

"ಸಿಂಗರಾಜ ಎಲ್ಲ ಸುಳ್ಳಾ?"

"ಮೊಮ್ಮಗು ನಿಜ. ಉಳಿದದ್ದು ಆಸ್ಪತ್ರೆ."

"ಇಷ್ಟು ವರ್ಷ ಎದುರುಮನೇಲಿದ್ದೂ ನಂಗೆ ಒಂದು ಮಾತು ಹೇಳ್ಲಿಲ್ಲ ನೀನು. ಹೇಳಿದ್ರೆ ನಾನು ದೇವರಿಗೆ ಬೇಡ್ಕೊಳ್ತಿರ್ಲಿಲ್ವಾ?"

"ಸಂತೆಗೆಲ್ಲ ಹೇಳ್ಕೊಂಡು ಬರ್ತಿದ್ದೆ ನೀನು."

"ಎರಡೂ ಮಾಡ್ತಿದ್ದೆ," ಎಂದಳು ದರ್ಮಿ. ಅವಳ ಕಣ್ಣು ತುಂಬಿತ್ತು. "ಈಗ? ಪೂರ್ತಿ ಹೋಯ್ತಾ ಅದು?"

"ಹೋಯ್ತು ಅಂದ್ರು."

"ಮುಟ್ಟಲಾ?"

ಅಕ್ಕ ತಲೆ ಬಗ್ಗಿಸಿದಳು. ದರ್ಮಿ ಅಂಗೈಯಿಂದ ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಸವರಿದಳು. "ಬಾತುಕೋಳಿ ಮರಿ ಇದ್ದಂಗಿದೆ," ಎಂದಳು. ಅಷ್ಟು ಹೇಳಿದ್ದೇ ತಡ, ಉಳಿದ ಹೆಂಗಸರೂ ಬಂದರು. ನಾನೂ ಒಮ್ಮೆ ಮುಟ್ಟಿದೆ, ಮನೆಯಲ್ಲಿ ಕೇಳಲು ಸಂಕೋಚವಾಗಿತ್ತು.

ಅರ್ಚಕರು ಹೊರಗೆ ಬಂದು ಗೋಪುರ ನೋಡಿದರು. ಎಂಜಲಾದ ಮೇಲಿನ ಎರಡು ಸಾಲು ತೆಗೆದುಬಿಡಿ, ಉಳಿದದ್ದು ಒಳಗೆ ತನ್ನಿ ಎಂದರು. ತೆಗೆದ ಮೇಲೆ ಅದು ದರ್ಮಿಯದಕ್ಕಿಂತ ಗಿಡ್ಡವಾಯಿತು. ದರ್ಮಿ ಎರಡು ಗೋಪುರಗಳನ್ನೂ ಒಮ್ಮೆ ನೋಡಿದಳು.

"ಕೋತಿ ಕೂತಿದ್ದು ಯಾರದ್ರ ಮೇಲೆ?" ಎಂದಳು ಅಕ್ಕ.

ಒಳಗೆ ಎಲ್ಲರ ಜೊತೆ ಕೂತು ಪ್ರಾರ್ಥನೆ ಮಾಡಿದಳು. ತೀರ್ಥ ಪ್ರೋಕ್ಷಿಸುವಾಗ ಅರ್ಚಕರು ಅವಳ ತಲೆಗೆ ಇನ್ನೊಂದು ಸಲ ಚಿಮುಕಿಸಿದರು. ಹಣೆಗೆ ಒತ್ತಿಕೊಂಡ ಅಕ್ಷತೆಯಲ್ಲಿ ನಾಲ್ಕು ಕಾಳು ಕೂದಲಿಗೂ ಅಂಟಿದವು. ಹೊರಗೆ ಬಂದಾಗ ಸುವೇಚ ಮೂರು ಮೊಟ್ಟೆ ಕಳೆದುಕೊಂಡು ವಿಗ್ಗು ಬಿಡಿಸಿಟ್ಟಿದ್ದ. ಅರ್ಧ ಕೂದಲು ಕಿತ್ತುಹೋಗಿತ್ತು. ಅಕ್ಕ ಅದನ್ನು ಬುಟ್ಟಿಯ ತಳಕ್ಕೆ ತುರುಕಿದಳು.

ಭಾವ ಬೈಕು ಹತ್ತಿರ ಕಾಯುತ್ತಿದ್ದ. "ಊರೆಲ್ಲ ಇದ್ದಾಗ ತಾಳ ತಪ್ಪಿಸಿಬಿಟ್ಟೆಯಲ್ಲ," ಎಂದ.

"ನೀನು ದಿನಾ ತಪ್ಪಿಸೋನು. ಇವತ್ತು ಕಾರಣ ಸಿಕ್ತು."

ಅವನು ತನ್ನ ತಲೆಯ ವಸ್ತ್ರ ಬಿಚ್ಚಿ ಕೊಡಲು ಹೋದ. ಅಕ್ಕ ಬೇಡವೆಂದು ತಲೆ ಆಡಿಸಿ, ಹಿಂದೆ ಒಂದು ಬದಿಗೆ ಕಾಲು ಇಳಿಬಿಟ್ಟು ಕೂತಳು. ನಾನು ನನ್ನ ಗಂಡನ ಬೈಕಿನಲ್ಲಿ ಹಿಂದೆ ಬರುತ್ತಿದ್ದೆ. ಗದ್ದೆಯ ಬಯಲಿಗೆ ಬಂದಾಗ ಗಾಳಿ ಜೋರಾಯಿತು. ಅಕ್ಕ ಕಣ್ಣು ಮುಚ್ಚಿ, ಮುಖ ಮೇಲಕ್ಕೆತ್ತಿ, ಭಾವನ ಭುಜಕ್ಕೆ ಬಡಿದು ಏನೋ ಹೇಳಿದಳು. ಬೈಕು ಇನ್ನಷ್ಟು ಜೋರಾಗಿ ಓಡಿತು.