ಬಿಸಿ ಟವೆಲಿನ ಜ್ವರ

ನನ್ನ ಕ್ಷೌರದಂಗಡಿಯ ಗೋಡೆಯ ಮೇಲೊಂದು ಬೋರ್ಡಿದೆ: ‘ಒಂದು ಬ್ಲೇಡು ಒಬ್ಬನೇ ಗಿರಾಕಿಗೆ.’ ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಆ ಮಾತು ತಪ್ಪಿದವನಲ್ಲ. ಅಂಥ ನಾನು, ಅಂಟುಜ್ವರದ ಭಯಕ್ಕೆ ಊರಿಗೆಲ್ಲ ಬೀಗ ಬಿದ್ದ ಎರಡನೇ ವಾರ, ನಶೆಯ ಚಟದಲ್ಲಿ ನನ್ನ ಜೊತೆಗಾರನಾದ ಪೇಂಟರ್ ಚುಚ್ಚಿಕೊಂಡ ಸೂಜಿಯನ್ನೇ ನಲ್ಲಿಯಲ್ಲಿ ತೊಳೆದು ಚುಚ್ಚಿಕೊಂಡೆ. ಹೇಳುವುದು ಶಾಸ್ತ್ರ, ಹಾಕುವುದು ಗಾಳ.

ಮೊದಲೆಲ್ಲ ಹೀಗಿರಲಿಲ್ಲ. ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಒಬ್ಬರು ಸಿಸ್ಟರ್ ಇದ್ದರು. ಹಳೇ ಸೂಜಿ ಕೊಟ್ಟರೆ ಹೊಸದು ಕೊಡುತ್ತಿದ್ದರು, ಮೂರು ತಿಂಗಳಿಗೊಮ್ಮೆ ಬೆರಳು ಚುಚ್ಚಿ ಎಚ್‌ಐವಿ ಇದೆಯಾ ನೋಡುತ್ತಿದ್ದರು, ಜೊತೆಗೆ ಬೈಗುಳ ಪುಕ್ಕಟೆ. ಈಗ ಬಾಗಿಲಿಗೆ ಚೀಟಿ: ‘ಸಿಬ್ಬಂದಿ ಜ್ವರದ ಕೆಲಸಕ್ಕೆ ಹೋಗಿದ್ದಾರೆ.’ ನನ್ನ ಚಟಕ್ಕೆ ಮಾತ್ರ ಯಾರೂ ರಜೆ ಕೊಟ್ಟಿರಲಿಲ್ಲ.

ತಿಂಗಳಾದ ಮೇಲೆ ಪೇಂಟರ್ ಫೋನು ಮಾಡಿದ.

“ನಂಗೆ ಮೊದಲೇ ಎಚ್‌ಐವಿ ಇತ್ತು ಕಣೋ. ಅವತ್ತು ಹೇಳೋಕೆ ಮರೆತುಬಿಟ್ಟೆ.”

ಮರೆಯುವ ವಿಷಯವಾ ಇದು? ಆ ತಿಂಗಳಿಡೀ ನಾನೂ ಹೆಂಡತಿಯೂ ಒಂದೇ ಕೋಣೆಯ ಮನೆಯಲ್ಲಿ ಬಂದಿಗಳು, ಮಾಡಲು ಬೇರೆ ಕೆಲಸವೂ ಇರಲಿಲ್ಲ. ನನಗೆ ಬಂದಿದ್ದರೆ ಹಾಳಾಗಿ ಹೋಗಲಿ, ಅವಳಿಗೂ ಅಂಟಿಸಿಬಿಟ್ಟೆನಾ? ಚಟ ಬಿಟ್ಟು ಎರಡು ವರ್ಷವಾಯಿತು ಎಂದು ಅವಳ ತಲೆ ಮುಟ್ಟಿ ಆಣೆ ಮಾಡಿದ್ದವನು ಬೇರೆ.

ಅಂದೇ ಹಾಸಿಗೆ ಎತ್ತಿಕೊಂಡು ಹೋಗಿ ಅಡುಗೆ ಒಲೆಯ ಪಕ್ಕ ಹಾಸಿದೆ.

“ದೂರ ಇರ್ಬೇಕಂತೆ, ಜ್ವರದ ಕಾಲ” ಎಂದೆ.

“ಹತ್ತಿರ ಯಾರ ಜೊತೆ ಇದ್ದೀರಿ, ಅದನ್ನ ಹೇಳಿ” ಎಂದಳು.

ಮೂರು ಸಲ ಆಸ್ಪತ್ರೆಗೆ ಹೋದೆ. ಗೇಟಿನ ಕಾವಲುಗಾರ ಹಣೆಗೆ ಯಂತ್ರ ಹಿಡಿದು, “ಜ್ವರ ಇದ್ರೆ ಒಳಗೆ, ಇಲ್ಲಾಂದ್ರೆ ಮನೆಗೆ” ಅನ್ನುತ್ತಿದ್ದ. ರಕ್ತ ನೋಡಿಸಬೇಕು ಎಂದರೆ, “ಯಾವುದಕ್ಕೆ?” ಎಂದು ಸಾಲಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ. ಊರಿನ ಅರ್ಧ ಗಲ್ಲಗಳನ್ನು ಬೋಳಿಸಿದವನು ನಾನು. ಆ ಸಾಲಿನಲ್ಲಿ ಆ ಹೆಸರೆತ್ತಿದರೆ ನಾಳೆ ನನ್ನ ಕುರ್ಚಿಯಲ್ಲಿ ನೊಣವೂ ಕೂರುವುದಿಲ್ಲ. ಮೂರು ಸಲವೂ ಬಾಯಿಗೆ ಬೀಗ ಹಾಕಿಕೊಂಡು ವಾಪಸಾದೆ.

ನಾಲ್ಕನೇ ಸಲ ಕಸುಬಿನ ಬುದ್ಧಿ ಓಡಿಸಿದೆ. ಗಿರಾಕಿಗಳ ಮುಖಕ್ಕೆ ಒತ್ತುವ ಟವೆಲನ್ನು ಕುದಿನೀರಲ್ಲಿ ಅದ್ದಿ, ಹಿಂಡಿ, ಹಣೆಗೆ ಸುತ್ತಿ, ಮೇಲೆ ಟೋಪಿ ಹಾಕಿಕೊಂಡು ಹೋದೆ. ಸರದಿ ಬಂದಾಗ ಮೆಲ್ಲಗೆ ತೆಗೆದೆ. ಯಂತ್ರ ನೂರಾ ಆರು ತೋರಿಸಿತು. ಕಾವಲುಗಾರ ಎರಡು ಮಾರು ಹಿಂದಕ್ಕೆ ಹಾರಿದ. ಒಳಗೆ ಹೋಗಿ ಯಾರ ಕಿವಿಯಲ್ಲಾದರೂ ಹೇಳಿ ರಕ್ತ ನೋಡಿಸಿಕೊಳ್ಳೋಣ ಎಂಬುದು ನನ್ನ ಲೆಕ್ಕ. ಅವರು ನೂಕಿದ್ದು ಮೇಲಿನ ಮಹಡಿಯ ಜ್ವರದ ವಾರ್ಡಿಗೆ, ಹತ್ತು ದಿನಕ್ಕೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ಸಂಜೆ ಅಡಿಯಿಂದ ಮುಡಿಯವರೆಗೆ ಬಿಳಿ ಪ್ಲಾಸ್ಟಿಕ್ ಹೊದ್ದವರೊಬ್ಬರು ರಕ್ತ ತೆಗೆಯಲು ಬಂದರು. ಎರಡೂ ತೋಳು ತಟ್ಟಿ ತಟ್ಟಿ ಸುಸ್ತಾದರು.

“ನರ ಎಲ್ಲಯ್ಯಾ ಹೋದ್ವು?”

“ಎಡಗಾಲಿನ ಹಿಮ್ಮಡಿ ಹತ್ರ ಒಂದಿದೆ. ಕಷ್ಟಕಾಲಕ್ಕೆ ಅಂತ ಉಳಿಸ್ಕೊಂಡಿದೀನಿ.”

ಪ್ಲಾಸ್ಟಿಕ್ಕಿನೊಳಗಿಂದ ನಗು ಬಂತು. ಆ ನಗು ನನಗೆ ಗೊತ್ತಿತ್ತು. ಹಿಂದಿನ ಕೋಣೆಯ ಸಿಸ್ಟರ್!

ಎಲ್ಲ ಹೇಳಿದೆ. ಟವೆಲಿನ ಕತೆಗೆ ನಕ್ಕರು, ಸೂಜಿಯ ಕತೆಗೆ ಬೈದರು. ಪರೀಕ್ಷೆಯ ಕಿಟ್ಟುಗಳು ಬೀಗ ಹಾಕಿದ ಆ ಕೋಣೆಯ ಬೀರುವಿನಲ್ಲೇ ಧೂಳು ತಿನ್ನುತ್ತಿದ್ದವು, ಬೀಗದ ಕೈ ಸಿಸ್ಟರ್ ಕೊರಳಲ್ಲೇ ಇತ್ತು. ಮರುದಿನ ಬೆಳಿಗ್ಗೆ ಬೆರಳು ಚುಚ್ಚಿದರು. ಎರಡು ಗೆರೆ ಮೂಡಿತು, ಅಂದರೆ ಇದೆ. ಎರಡನೇ ಕಿಟ್ಟಿನಲ್ಲೂ ಅದೇ, ಮೂರನೆಯದರಲ್ಲೂ ಅದೇ.

“ದಿನಕ್ಕೊಂದು ಮಾತ್ರೆ ತಗೊಂಡ್ರೆ ಮುದುಕನಾಗೇ ಸಾಯ್ತೀಯ. ಮೊದಲು ಹೆಂಡ್ತೀನ ಕರೆಸು.”

ನನ್ನ ಗೆರೆಗಳಿಗೆ ನಾನು ಅಳಲಿಲ್ಲ. ಅವಳ ಹೆಸರು ಬಂದದ್ದೇ ಅತ್ತುಬಿಟ್ಟೆ.

ಫೋನಿನಲ್ಲಿ ಸೂಜಿ, ಪೇಂಟರ್, ಸುಳ್ಳು ಆಣೆ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ನೀನೂ ಬಂದು ರಕ್ತ ನೋಡಿಸಿಕೋ ಎಂದೆ.

“ಗೇಟಲ್ಲಿ ಜ್ವರ ಇಲ್ದೆ ಬಿಡಲ್ಲ. ಅಂಗಡೀಲಿ ಟವೆಲಿದೆ, ಬಿಸಿನೀರಲ್ಲಿ ಅದ್ದಿ...”

ಫೋನು ಕಟ್ಟಾಯಿತು.

ಮಧ್ಯಾಹ್ನ ಕಿಟಕಿಯಲ್ಲಿ ನಿಂತಿದ್ದೆ. ಬಂದಳು. ಹಣೆಗೆ ಟವೆಲು ಸುತ್ತಿರಲಿಲ್ಲ. ಕಾವಲುಗಾರ ಯಂತ್ರ ಹಿಡಿದು, “ತೊಂಬತ್ತೇಳು. ಮನೆಗೆ ಹೋಗಮ್ಮ” ಎಂದ.

“ನನ್ನ ಗಂಡಂಗೆ ಎಚ್‌ಐವಿ ಇದೆ. ನಂಗೂ ಬಂದಿದ್ಯಾ ನೋಡಿಸ್ಬೇಕು. ಅದಕ್ಕೂ ಜ್ವರ ಬರ್ಬೇಕಾ?”

ಮೇಲಿನ ಮಹಡಿಗೂ ಕೇಳಿಸಿತು. ತಿಂಗಳುಗಟ್ಟಲೆ ಮೈಕಿನಲ್ಲಿ ಬೊಬ್ಬೆ ಹೊಡೆದರೂ ಅಂತರ ಬಿಡದ ಸಾಲು, ಒಂದೇ ಏಟಿಗೆ ಹತ್ತಡಿ ಹಿಂದೆ ಸರಿಯಿತು. ಅದರಲ್ಲಿ ನನ್ನ ಗಿರಾಕಿಗಳೇ ಐದಾರು ಜನ. ಕಾವಲುಗಾರ ಯಂತ್ರ ಇಳಿಸಿದ. ಅವಳು ಒಳಗೆ ನಡೆದಳು.

ಕಾಲು ಗಂಟೆ ನಾನು ಕಿಟಕಿಯ ಸರಳು ಬಿಡಲಿಲ್ಲ. ಕೊನೆಗೂ ಫೋನು ಬಂತು.

“ಒಂದೇ ಗೆರೆ. ಮೂರು ತಿಂಗಳು ಬಿಟ್ಟು ಮತ್ತೆ ನೋಡ್ತಾರಂತೆ.”

ನಾನು ಬಾಯಿ ತೆರೆದೆ.

“ನೀವು ಮಾತಾಡ್ಬೇಡಿ. ಸಿಸ್ಟರ್ ಒಂದು ಪೊಟ್ಟಣ ಹೊಸ ಸೂಜಿ ಕೊಟ್ಟಿದಾರೆ. ಅಂಗಡೀಲಿ ನಿಮ್ಮ ಬೋರ್ಡಿನ ಕೆಳಗೆ ಇಟ್ಟಿರ್ತೀನಿ.”

ಪೊಟ್ಟಣವನ್ನು ಎಲ್ಲರಿಗೂ ಕಾಣುವಂತೆ ಕೈಯಲ್ಲಿ ಹಿಡಿದು ಅವಳು ಗೇಟು ದಾಟಿದಳು. ಮೇಲೆ ನೋಡಲಿಲ್ಲ. ಸಾಲು ಮತ್ತೊಮ್ಮೆ ಸರಿದು ದಾರಿ ಬಿಟ್ಟಿತು.